ದತ್ತಿ ಬೇಡವೆಂದ ಸನ್ಯಾಸಿನಿ

ಕನಕಪುರ ತಾಲ್ಲೂಕಿನ ಹಾರೋಬೆಲೆ ಕಥೋಲಿಕ ಕ್ರೈಸ್ತರ ಹಳೆಯ ಊರು. ಯೇಸುವಿನ ಕಡೆಯ ದಿನಗಳ ಕಥೆಯನ್ನು ಊರವರೇ ಪಾತ್ರ ಹಾಕಿ ಆಡುವ ನಾಟಕಕ್ಕೆ ಹೆಸರಾದ ಊರು. ಇಲ್ಲಿಂದ ಅನೇಕ ಹೆಣ್ಣುಮಕ್ಕಳು ಸನ್ಯಾಸ ಸ್ವೀಕರಿಸಿ ಹೋಗಿದ್ದಾರೆ. ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯ ನಮಗೆ ‘ಸಿಸ್ಟರ್’ ಎಂದರೆ ಶಾಲೆಯಲ್ಲಿ ಪಾಠ ಹೇಳುವವರು, ಆಸ್ಪತ್ರೆಯಲ್ಲಿ ಆರೈಕೆ ಮಾಡುವವರು. ಮಠದ ಬಾಗಿಲು ದಾಟದೆ ಪ್ರಾರ್ಥನೆಯಲ್ಲೇ ಬಾಳು ಸವೆಸುವ ಸನ್ಯಾಸಿನಿಯರೂ ಉಂಟು. ಅವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಆ ಬದುಕನ್ನು ಅರಿಯಲು ಅಸ್ಸಿಸಿಯ ಸಂತ ಕ್ಲಾರಾಳಿಂದ ಆರಂಭಿಸುವುದು ಒಳ್ಳೆಯದು.

ಇಟಲಿಯ ಅಸ್ಸಿಸಿಯಲ್ಲಿ ಸುಮಾರು 1194ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದವಳು ಕ್ಲಾರಾ. ಅದೇ ಊರಿನ ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್ ಎಲ್ಲವನ್ನೂ ತೊರೆದು ಭಿಕ್ಷೆಯ ಬದುಕಿಗೆ ಇಳಿದಿದ್ದ. ಅವನ ಉಪದೇಶ ಕೇಳಿದ ಕ್ಲಾರಾ 1212ರ ಗರಿಗಳ ಭಾನುವಾರ ರಾತ್ರಿ ಗುಟ್ಟಾಗಿ ಮನೆ ಬಿಟ್ಟು ಬಂದಳು. ಫ್ರಾನ್ಸಿಸ್ ಆಕೆಯ ಕೂದಲು ಕತ್ತರಿಸಿ ಒರಟು ಬಟ್ಟೆ ಕೊಟ್ಟ.

ಕೂದಲು ತೆಗೆಯುವುದು ಏಕೆ ಎಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಗಂಗರ ದೊರೆ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತುಕೊಂಡು ಮೂವತ್ತು ವರ್ಷ ತಪಸ್ಸು ಮಾಡಿದಳೆಂದು ಕಡೂರಿನ ಕ್ರಿ.ಶ. 971ರ ಶಾಸನ ಹೇಳುತ್ತದೆ. ಅವಳದು ಜೈನ ದಾರಿ, ಇವಳದು ಕ್ರಿಸ್ತನ ದಾರಿ. ಆದರೂ ಅರಮನೆ ಬಿಟ್ಟವಳಿಗೂ ಸಿರಿಮನೆ ಬಿಟ್ಟವಳಿಗೂ ಮೊದಲ ಹೆಜ್ಜೆ ಒಂದೇ. ಕ್ಲಾರಾಳನ್ನು ಎಳೆದೊಯ್ಯಲು ನೆಂಟರು ಬಂದಾಗ ಆಕೆ ಬಲಿಪೀಠದ ವಸ್ತ್ರವನ್ನು ಹಿಡಿದುಕೊಂಡು, ಮುಸುಕು ಸರಿಸಿ ಕೂದಲಿಲ್ಲದ ತಲೆ ತೋರಿಸಿದಳು. ಇನ್ನು ಮದುವೆಯ ಮಾತೇ ಇಲ್ಲವೆಂದು ಅವರಿಗೆ ಅರ್ಥವಾಯಿತು. ಕೆಲವೇ ದಿನಗಳಲ್ಲಿ ತಂಗಿಯೂ ಹಿಂದೆಯೇ ಬಂದಳು, ವರ್ಷಗಳ ಮೇಲೆ ತಾಯಿಯೂ.

ಫ್ರಾನ್ಸಿಸ್ ತನ್ನ ಕೈಯಾರೆ ದುರಸ್ತಿ ಮಾಡಿದ್ದ ಸಾನ್ ದಾಮಿಯಾನೊ ಎಂಬ ಪುಟ್ಟ ಗುಡಿಯೇ ಅವರ ಮಠವಾಯಿತು. ಕ್ಲಾರಾ ಮಠದ ಹಿರಿಯಳಾದರೂ ಹೊರಗಿನಿಂದ ಬಂದ ಸಹೋದರಿಯರ ಕಾಲನ್ನು ತಾನೇ ತೊಳೆಯುತ್ತಿದ್ದಳು, ಚಳಿಯ ರಾತ್ರಿ ಮಲಗಿದವರಿಗೆ ಹೊದಿಕೆ ಹೊದಿಸುತ್ತಿದ್ದಳು. ಉಪವಾಸ ಮಾತ್ರ ಅತಿಯಾಗಿತ್ತು. ದಿನಕ್ಕೆ ಒಂದು ತುಂಡು ರೊಟ್ಟಿಯನ್ನಾದರೂ ತಿನ್ನಲೇಬೇಕೆಂದು ಫ್ರಾನ್ಸಿಸ್ ಮತ್ತು ಧರ್ಮಾಧ್ಯಕ್ಷರು ಅಪ್ಪಣೆ ಮಾಡಬೇಕಾಯಿತು. ಮುಂದೆ ದಶಕಗಳ ಕಾಲ ಆಕೆ ಕಾಯಿಲೆಯಿಂದ ನರಳಿದಳು. ಹಾಸಿಗೆಯಲ್ಲೇ ಒರಗಿ ಕೂತು ನೂಲು ತೆಗೆದು, ಸುತ್ತಲಿನ ಚರ್ಚುಗಳ ಬಲಿಪೀಠಕ್ಕೆ ವಸ್ತ್ರ ಸಿದ್ಧಮಾಡಿ ಕಳಿಸುತ್ತಿದ್ದಳು.

ಆಕೆಯ ನಿಜವಾದ ಹಟ ಬೇರೆ. ನಮ್ಮ ಶಾಸನಗಳಲ್ಲಿ ಎಷ್ಟೋ ಮಠಕ್ಕೆ, ಬಸದಿಗೆ, ದೇಗುಲಕ್ಕೆ ಬಿಟ್ಟ ದತ್ತಿಗಳ ಲೆಕ್ಕವೇ. ಯೂರೋಪಿನ ಮಠಗಳೂ ಭೂಮಿಯ ಆದಾಯದ ಮೇಲೆ ನಿಂತಿದ್ದವು. ಸನ್ಯಾಸಿನಿಯ ಕೈ ಬರಿದು, ಮಠದ ಕಣಜ ಭರ್ತಿ. ಕ್ಲಾರಾಳಿಗೆ ಅದು ಒಪ್ಪಿಗೆಯಾಗಲಿಲ್ಲ; ಮಠಕ್ಕೂ ಆಸ್ತಿ ಬೇಡ, ದುಡಿಮೆ ಮತ್ತು ಭಿಕ್ಷೆ ಸಾಕು ಎಂದಳು. ಬಾಗಿಲು ಮುಚ್ಚಿಕೊಂಡ ಹೆಂಗಸರು ಹೊಟ್ಟೆಗೇನು ಮಾಡುತ್ತಾರೆ ಎಂಬ ಚಿಂತೆ ಪೋಪ್ ಒಂಬತ್ತನೆಯ ಗ್ರೆಗರಿಯವರದು, ನ್ಯಾಯವಾದದ್ದೇ. ಅವರು ಆಸ್ತಿ ಕೊಡಲು ಬಂದರು, ಬಡತನದ ವ್ರತದಿಂದ ಬಿಡುಗಡೆ ಮಾಡುವೆನೆಂದರು. ಪಾಪಗಳಿಂದ ಬಿಡಿಸಿದರೆ ಸಾಕು, ಕ್ರಿಸ್ತನನ್ನು ಹಿಂಬಾಲಿಸುವುದರಿಂದ ಬಿಡುಗಡೆ ಬೇಡ ಎಂಬುದು ಆಕೆಯ ಉತ್ತರವಾಗಿತ್ತು. 1228ರಲ್ಲಿ ಅದೇ ಪೋಪ್ ಆಸ್ತಿಯಿಲ್ಲದೆ ಬಾಳುವ ಹಕ್ಕನ್ನು ಬರೆದುಕೊಟ್ಟರು. ಕೊನೆಗೆ ಆಕೆ ತನ್ನ ಮಠಕ್ಕೆ ತಾನೇ ನಿಯಮ ಬರೆದಳು. ಅದಕ್ಕೂ ಮೊದಲು ಸನ್ಯಾಸಿನಿಯರು ಗಂಡಸರು ಬರೆದ ನಿಯಮದಡಿ ಬಾಳುತ್ತಿದ್ದರು. ಪೋಪ್ ನಾಲ್ಕನೆಯ ಇನ್ನೊಸೆಂಟ್ ಆಕೆಯ ನಿಯಮಕ್ಕೆ ಮಂಜೂರಾತಿ ಕೊಟ್ಟದ್ದು 1253ರ ಆಗಸ್ಟ್ 9ರಂದು. ಎರಡು ದಿನ ಕಳೆದು ಕ್ಲಾರಾ ತೀರಿಕೊಂಡಳು. 1255ರಲ್ಲಿ ಸಂತ ಪದವಿ ಬಂತು.

ಚಿತ್ರಗಳಲ್ಲಿ ಆಕೆ ಪರಮಪ್ರಸಾದದ ಪಾತ್ರೆ ಹಿಡಿದಿರುತ್ತಾಳೆ. 1240ರಲ್ಲಿ ಮಠಕ್ಕೆ ನುಗ್ಗಿದ ಸೈನಿಕರು ಆಕೆಯ ಪ್ರಾರ್ಥನೆಯಿಂದ ಹಿಂದಿರುಗಿದರು ಎಂಬ ನಂಬಿಕೆ ಅದರ ಹಿಂದಿದೆ. ಕಾಯಿಲೆಯಿಂದ ಮಲಗಿದ್ದಲ್ಲೇ ದೂರದ ಚರ್ಚಿನ ಕ್ರಿಸ್ಮಸ್ ಪೂಜೆಯನ್ನು ಕಂಡಳೆಂಬ ಕಥೆಯೂ ಉಂಟು. ಅದನ್ನು ಹಿಡಿದು 1958ರಲ್ಲಿ ಆಕೆಯನ್ನು ಟಿ.ವಿ.ಯ ಪಾಲಕ ಸಂತಳನ್ನಾಗಿ ಘೋಷಿಸಿದರು! ಏನೂ ಬೇಡವೆಂದವಳ ಪಾಲಿಗೆ ಜಾಹೀರಾತುಗಳ ಪೆಟ್ಟಿಗೆ.

2008ರಲ್ಲಿ ಸಂತ ಪದವಿ ಪಡೆದ ಕೇರಳದ ಅಲ್ಫೋನ್ಸಾ ಕ್ಲಾರಾಳ ಹೆಸರು ಹೊತ್ತ ಸಂಘದವರೇ. ಕ್ಲಾರಾಳ ಬಗ್ಗೆ ಹೊಸದಾಗಿ ಓದಲು ಹೊರಟವರು ಪವಾಡದ ಕಥೆಗಳನ್ನು ಆಮೇಲೆ ಓದಿ. ಚಕ್ರವರ್ತಿಯ ಸಂಬಂಧವನ್ನು ಬೇಡವೆಂದು ಮಠ ಸೇರಿದ ಪ್ರಾಗ್‌ನ ರಾಜಕುಮಾರಿ ಆಗ್ನೆಸ್‌ಗೆ ಕ್ಲಾರಾ ಬರೆದ ನಾಲ್ಕು ಪತ್ರಗಳು ಉಳಿದಿವೆ, ಅವುಗಳಿಂದಲೇ ಆರಂಭಿಸಿ.