ಹೊಟ್ಟು, ಹಿಂಡಿ, ಗ್ಲಿಸರಿನ್

ಗೋರ್ಟಾ (ಬಿ)ಯ ನಮ್ಮ ಮನೆಯಲ್ಲಿ ಬೇಸಿಗೆಯ ಒಲೆ ತೊಗರಿ ಕಟ್ಟಿಗೆಯದು, ಮಳೆಗಾಲದ್ದು ಕುಳ್ಳಿನದು. ಬಸವಕಲ್ಯಾಣಕ್ಕೆ ಹೋದಾಗ ಸಾಮಿಲ್ ಹಿಂದೆ ಗುಡ್ಡೆ ಬಿದ್ದ ಹೊಟ್ಟು ಕಂಡರೆ ಜೀವ ಚುರ್ ಅನ್ನುತ್ತಿತ್ತು. ಅದನ್ನೇ ಒತ್ತಿ ಬ್ರಿಕೆಟ್ ಮಾಡಲು ಕೈಪ್ರೆಸ್ ತಂದೆ.

ಮೊದಲ ಬುಟ್ಟಿ ಪುಡಿಪುಡಿಯಾಯಿತು. ಕಾರ್ಖಾನೆಯ ಯಂತ್ರಕ್ಕೆ ಅಂಟು ಬೇಡ. ಆ ಒತ್ತಡಕ್ಕೆ, ಕಾವಿಗೆ ಕಟ್ಟಿಗೆಯೊಳಗಿನ ಲಿಗ್ನಿನ್ ಮೆತ್ತಗಾಗಿ ತಾನೇ ಹಿಡಿದುಕೊಳ್ಳುತ್ತದೆ. ಕೈಪ್ರೆಸ್ಸಿಗೆ ಅಷ್ಟು ಬಲವಿಲ್ಲ. ಸಗಣಿ, ನೆನೆಸಿದ ರದ್ದಿ ಕಾಗದ ಕಲಸಿದ ಮೇಲೆ ನಿಂತವು. ಅಲ್ಲಿಗೇ ಬಿಡಬೇಕಿತ್ತು, ಬಿಡಲಿಲ್ಲ.

ಜೈವಿಕ ಡೀಸೆಲ್ ಮಾಡುವಲ್ಲಿ 100 ಕೆ.ಜಿ. ಎಣ್ಣೆಗೆ ಸುಮಾರು 10 ಕೆ.ಜಿ. ಗ್ಲಿಸರಿನ್ ಉಳಿಯುತ್ತದೆ. ನೋಡಲು ಬೆಲ್ಲದ ಪಾಕ. ಅಂಟೂ ಆಯಿತು, ಉರಿಯೂ ಆಯಿತು ಎಂದುಕೊಂಡು ಒಂದು ಡಬ್ಬಿ ತಂದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬರಿಗೈಯಿಂದ ಕಲಸಿದೆ. ಒಲೆಗೆ ಹಾಕಿದಾಗ ಭಗ್ಗನೆ ಹೊತ್ತಿತು. ಜ್ವಾಲೆ ಇಳಿದು ಹೊಗೆಯಾಡತೊಡಗಿದಾಗ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಬಂದಳು. "ತಮ್ಮಾ, ಇದು ಕಟ್ಟಿಗಿ ಹೊಗಿ ಅಲ್ಲ. ಮೆಣಸಿನಕಾಯಿ ಘಾಟು ಹೊಡದಂಗ ಆಗಲಾಕತ್ತದ."

ಅದು ಅಕ್ರೋಲಿನ್. ಗ್ಲಿಸರಿನ್ ಪೂರ್ತಿ ಉರಿಯದೆ ಬೆಂದರೆ ಹುಟ್ಟುವ ವಿಷದ ಹೊಗೆ, ಕಣ್ಣು ಗಂಟಲು ಸುಡುತ್ತದೆ. ಗ್ಲಿಸರಿನ್ ಉರಿಸಲು ಗಾಳಿ ಚೆನ್ನಾಗಿ ಆಡುವ, ಕಾವು ಇಳಿಯದ ಭಟ್ಟಿ ಬೇಕು. ಅಡುಗೆ ಒಲೆ ಸಲ್ಲದು. ಇನ್ನೂ ಹೆದರಿಸಿದ್ದು ಆಮೇಲೆ ತಿಳಿದ ಸಂಗತಿ: ಶುದ್ಧ ಮಾಡದ ಗ್ಲಿಸರಿನ್‌ನಲ್ಲಿ ಮೆಥನಾಲ್ ಉಳಿದಿರುತ್ತದೆ. ಅದು ಚರ್ಮದಿಂದಲೂ ಮೈಗೆ ಇಳಿಯುವ ವಿಷ, ಅದರ ಜ್ವಾಲೆ ಹಗಲಲ್ಲಿ ಕಾಣುವುದೇ ಕಷ್ಟ. ನನ್ನ ಕೈ ಅದರಲ್ಲಿ ಮುಳುಗಿತ್ತು, ಅವ್ವ ಅದರ ಮುಂದೆ ಕೂತಿದ್ದಳು. ಇವತ್ತಿಗೂ ನೆನೆದರೆ ಎದೆ ನಡುಗುತ್ತದೆ.

ಹೊಂಗೆ ಹಿಂಡಿಯನ್ನೂ ಒತ್ತಿ ನೋಡಿದೆ, ಚೆನ್ನಾಗಿಯೇ ಉರಿಯಿತು. ಓಣಿಯ ಕಾಕಾ ನಿಂತು ನೋಡಿ, "ಹೊಲಕ್ಕ ಹಾಕೋದು ಒಲಿಗಿ ಹಾಕ್ತಿಯಲ್ಲೋ" ಎಂದರು. ಕಾಕಾ ಹೇಳಿದ್ದೇ ಸರಿ. ಹಿಂಡಿಯಲ್ಲಿ ನೂರಕ್ಕೆ ಸುಮಾರು 4 ಪಾಲು ಸಾರಜನಕ. ಕಹಿಯಿರುವುದರಿಂದ ದನ ತಿನ್ನುವುದಿಲ್ಲ, ಭೂಮಿ ತಿನ್ನುತ್ತದೆ. ಸುಟ್ಟರೆ ಆ ಸಾರಜನಕವೆಲ್ಲ ಗಾಳಿಪಾಲು. 2009ರಲ್ಲಿ ಕರ್ನಾಟಕ ಜೈವಿಕ ಇಂಧನ ನೀತಿ ತಂದಿತು, ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೇ ಇದೆ. ಆ ಇಂಧನಕ್ಕೆಂದು ಹೊಂಗೆ ಬೀಜ ಹಿಂಡಿದಾಗ ಎಣ್ಣೆಗಿಂತ ಹಿಂಡಿಯೇ ಹೆಚ್ಚು ಉಳಿಯುತ್ತದೆ. ಆ ಹಿಂಡಿ ರೈತನ ಹೊಲಕ್ಕೆ ಮರಳಬೇಕು ಎಂಬುದು ಈಗ ನನ್ನ ಹಟ.

ಈಗ ಹೊಟ್ಟು, ತೊಗರಿ ಕಟ್ಟಿಗೆಯ ಪುಡಿ, ರದ್ದಿ ಕಾಗದ, ಸ್ವಲ್ಪ ಸಗಣಿ, ಇಷ್ಟೇ. ಹೊಟ್ಟಿನಲ್ಲಿ ಪ್ಲೈವುಡ್ಡಿನ ಪುಡಿ ಬೆರೆತಿದ್ದರೆ ಆ ಚೀಲ ತರುವುದಿಲ್ಲ; ಅದರ ಅಂಟಿನ ಹೊಗೆಯೂ ಕೆಟ್ಟದ್ದು. ಉಳಿದ ಕೆಲಸವೆಲ್ಲ ಬಿಸಿಲಿನದು. ಹೊರಗೆ ಒಣಗಿ ಒಳಗೆ ಹಸಿಯಿದ್ದರೆ ಬರೀ ಹೊಗೆ. ಅವ್ವ ಎರಡು ಬ್ರಿಕೆಟ್‌ಗಳನ್ನು ಒಂದಕ್ಕೊಂದು ಬಡಿದು ಕಿವಿಗೊಡುತ್ತಾಳೆ. ಟಕ್ ಎಂದರೆ ಬುಟ್ಟಿಗೆ, ದಬ್ ಎಂದರೆ ಮತ್ತೆ ಮಾಳಿಗೆಗೆ.