ಮೇಯಿಸುವುದಕ್ಕೂ ಹದ ಉಂಟು
ಬೆಟ್ಟದ ಜೇಡಿನೆಲದ ಹುಲ್ಲುಗಾವಲನ್ನು ಕುರಿತು

ಹುಲ್ಲು ಕಡಿಮೆಯಾದೊಡನೆ ನಾವು ಮಳೆಯನ್ನು ದೂರುತ್ತೇವೆ. ಇಲ್ಲವೇ ದನಗಳ ಸಂಖ್ಯೆ ಹೆಚ್ಚಾಯಿತೆನ್ನುತ್ತೇವೆ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಬೆಟ್ಟದ ಜೇಡಿನೆಲದಲ್ಲಿ ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ದನವು ಮೇಯಲು ಹೋದಾಗ ನೆಲವು ಎಷ್ಟು ಹಸಿಯಾಗಿತ್ತು? ನೀಲಗಿರಿಯ ಮೇಲುನಾಡನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಚಾರಿಸೋಣ.

ಜೇಡಿಯ ಸ್ವಭಾವ

ಮಣ್ಣಿನಲ್ಲಿ ಮರಳು, ಗೋಡು, ಜೇಡಿ ಎಂದು ಮೂರು ಬಗೆಯ ಕಣಗಳಿರುತ್ತವೆ. ಇವುಗಳಲ್ಲಿ ಅತಿ ಸಣ್ಣದು ಜೇಡಿ. ಒಂದು ಮಿಲಿಮೀಟರನ್ನು ೫೦೦ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ಅದರ ಕಣ ಚಿಕ್ಕದು. ಕಣ ಸಣ್ಣದಾದಷ್ಟೂ ಅದು ನೀರನ್ನೂ ಸಾರವನ್ನೂ ಹಿಡಿದುಕೊಳ್ಳುವ ಶಕ್ತಿ ಹೆಚ್ಚು. ಆದರೆ ಕಣಗಳ ನಡುವಣ ಸಂದುಗಳೂ ಅಷ್ಟೇ ಸಣ್ಣವಾಗಿ, ನೀರೂ ಗಾಳಿಯೂ ಸುಲಭವಾಗಿ ಒಳಗೆ ಇಳಿಯಲಾರವು. ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಕಾಳುಕಾಳಾಗಿ ನಿಂತರೆ ಮಾತ್ರ ಆ ಕಾಳುಗಳ ನಡುವೆ ದೊಡ್ಡ ಸಂದುಗಳುಂಟಾಗುವುವು. ಆದುದರಿಂದ ಜೇಡಿನೆಲದ ಯೋಗ್ಯತೆಯೆಲ್ಲ ಈ ಕಾಳುಗಟ್ಟುವಿಕೆಯಲ್ಲಿದೆ.

ನೀಲಗಿರಿಯ ಮೇಲುನಾಡು ಸಮುದ್ರಮಟ್ಟದಿಂದ ಸುಮಾರು ೨,೦೦೦ ಮೀಟರ್ ಎತ್ತರದಲ್ಲಿದೆ. ದೊಡ್ಡಬೆಟ್ಟದ ಶಿಖರವು ೨,೬೩೭ ಮೀಟರ್. ಅಲ್ಲಿನ ಚಾರ್ನೊಕೈಟ್ ಎಂಬ ಗಟ್ಟಿ ಕಲ್ಲು ಬಹುಕಾಲದ ಮಳೆಯಿಂದ ಕೊಳೆತು ಆಳವಾದ ಕೆಂಪು ಜೇಡಿಯಾಗಿದೆ. ಹುಲ್ಲುಗಾವಲಿನಲ್ಲಿ ಇದರ ಮೇಲೆ ಕಪ್ಪಾದ ಮೇಲ್ಮಣ್ಣಿನ ಹೊದಿಕೆಯುಂಟು. ತಂಪು ಹವೆಯಲ್ಲಿ ಹುಲ್ಲಿನ ಬೇರು ನಿಧಾನವಾಗಿ ಕೊಳೆಯುವುದರಿಂದ ಈ ಕಪ್ಪು ಸಾರ ಸೇರಿದೆ. ಈ ಸಾರವೂ ಕಬ್ಬಿಣದ ತುಕ್ಕಿನಂಶವೂ ಕೂಡಿ ಜೇಡಿಯನ್ನು ಕಾಳುಗಟ್ಟಿಸುತ್ತವೆ. ಅಷ್ಟು ಜೇಡಿಯಿದ್ದರೂ ಕೆಡದ ಹುಲ್ಲುಗಾವಲು ಮಳೆಯನ್ನು ಚೆನ್ನಾಗಿ ಕುಡಿಯುವುದು ಇದರಿಂದಲೇ.

ಎರೆಗೂ ಬೆಟ್ಟದ ಜೇಡಿಗೂ ಇರುವ ಭೇದ

ರಾಯದುರ್ಗ, ಆದವಾನಿ, ಸೊಲ್ಲಾಪುರದ ಕಡೆಯ ಓದುಗರು, "ನಮ್ಮ ಎರೆಯೂ ಜೇಡಿಯೇ ಅಲ್ಲವೇ?" ಎಂದು ಕೇಳಬಹುದು. ಹೌದು; ಆದರೆ ಜಾತಿ ಬೇರೆ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದನ್ನು ಎಲ್ಲರೂ ಕಂಡಿದ್ದಾರೆ. ತುಳಿತದಿಂದ ಬಿಗಿದ ನೆಲವನ್ನು ಈ ಬಿರುಕುಗಳೇ ವರ್ಷವರ್ಷವೂ ಒಡೆದು ಬಹುಮಟ್ಟಿಗೆ ಸಡಿಲಗೊಳಿಸುತ್ತವೆ.

ನೀಲಗಿರಿಯ ಜೇಡಿಯಲ್ಲಿ ಕೇಯೊಲಿನೈಟ್, ಗಿಬ್ಸೈಟ್ ಎಂಬ ಖನಿಜಗಳು ಮುಖ್ಯ. ಇವು ಅಷ್ಟಾಗಿ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದುದರಿಂದ ಒಮ್ಮೆ ತುಳಿದು ಬಿಗಿದರೆ ತಾನಾಗಿ ಬಿರಿದು ಸರಿಹೋಗುವ ಗುಣ ಇದಕ್ಕಿಲ್ಲ. ಬೇರುಗಳೂ ಎರೆಹುಳುಗಳೂ ಅದನ್ನು ಮೆಲ್ಲಮೆಲ್ಲನೆ ಸಡಿಲಿಸಬೇಕು. ಅದಕ್ಕೆ ವರ್ಷಗಳೇ ಬೇಕು. ಎರೆಯು ಕ್ಷಮಿಸುವ ತುಳಿತವನ್ನು ಬೆಟ್ಟದ ಜೇಡಿ ಕ್ಷಮಿಸುವುದಿಲ್ಲ.

ಗೊರಸಿನ ಭಾರ

ಒಂದು ಎಮ್ಮೆಯ ತೂಕ ೪೦೦ ಕಿಲೋ, ಅದರ ಒಂದೊಂದು ಗೊರಸು ನೆಲವನ್ನು ಮುಟ್ಟುವ ವಿಸ್ತಾರ ೭೦ ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ನಾಲ್ಕು ಕಾಲಿಗೆ ೨೮೦. ಆಗ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ೧.೪ ಕಿಲೋ ಭಾರ ಬೀಳುವುದು. ನಡೆಯುವಾಗ ಒಂದೆರಡು ಕಾಲು ಮೇಲಿರುವುದರಿಂದ ಉಳಿದ ಕಾಲುಗಳ ಮೇಲಿನ ಭಾರ ಇಮ್ಮಡಿಗೂ ಏರಬಹುದು. ಇಳಿಜಾರಿನಲ್ಲಿ ಗೊರಸಿನ ತುದಿಯೇ ಊರಿ ಜಾರುವುದರಿಂದ ಹುಲ್ಲಿನ ಬುಡವೂ ಕಿತ್ತುಬರುವುದು.

ಒಣನೆಲವು ಈ ಭಾರವನ್ನು ತಾಳಬಲ್ಲದು. ಹಸಿಯಾದಾಗ ಕಾಳುಗಳು ಮೆತ್ತಗಾಗಿ ಚಪ್ಪಟೆಯಾಗುವುವು, ಸಂದುಗಳು ಮುಚ್ಚುವುವು. ಕೆಡುವುದು ಹೆಚ್ಚಾಗಿ ಮೇಲಿನ ೫ರಿಂದ ೧೫ ಸೆಂಟಿಮೀಟರ್ ಮಾತ್ರ; ಆದರೆ ಹುಲ್ಲಿನ ಬೇರಿನ ಬಹುಭಾಗ ಇರುವುದೂ ಅಲ್ಲಿಯೇ. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಸುಮಾರು ೪೦,೦೦೦ ಲೀಟರ್ ನೀರು. ನೆಲವು ಕುಡಿಯದಿದ್ದರೆ ಅದು ದನದ ದಾರಿಗಳನ್ನೇ ಕಾಲುವೆ ಮಾಡಿಕೊಂಡು ಕಪ್ಪು ಮಣ್ಣನ್ನು ಹೊತ್ತು ಇಳಿಯುವುದು. ಕೆಳಗೆ ಕೆರೆ, ಅಣೆಕಟ್ಟುಗಳಲ್ಲಿ ಹೂಳಾಗುವುದು. ಮೇಲೆ ಉಳಿಯುವುದು ಹುಲ್ಲು ಹಿಡಿಯದ ಕೆಂಪು ನೆಲ.

ಹದ ನೋಡುವ ಬಗೆ

ಉಳುವುದಕ್ಕೆ ಹದ ನೋಡದ ರೈತನಿಲ್ಲ. ಅದೇ ಹದವನ್ನು ಮೇಯಿಸುವುದಕ್ಕೂ ನೋಡಬೇಕು. ಇದಕ್ಕೆ ಯಂತ್ರ ಬೇಡ.

೧. ಹುಲ್ಲಿನ ಬುಡದಲ್ಲಿ ನಾಲ್ಕು ಬೆರಳಿನಷ್ಟು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಸಣ್ಣ ದಾರದಂತೆ ಮುರಿಯದೆ ಬಂದರೆ ದನವನ್ನು ಬಿಡಬಾರದು. ದಾರವಾಗುವ ಮೊದಲೇ ಪುಡಿಯಾದರೆ ಬಿಡಬಹುದು.

೨. ಹಿಮ್ಮಡಿಯನ್ನು ಊರಿ ನೋಡಿರಿ. ಗುರುತಿನಲ್ಲಿ ನೀರು ಮಿನುಗಿದರೆ ಇನ್ನೂ ಕಾಯಬೇಕು.

೩. ಎರಡೂ ಕಡೆ ತೆರೆದ ಒಂದೇ ಅಳತೆಯ ಎರಡು ಡಬ್ಬಗಳಲ್ಲಿ ಒಂದನ್ನು ದನ ಹೋಗದ ಬೇಲಿಯ ಮೂಲೆಯಲ್ಲಿಯೂ ಇನ್ನೊಂದನ್ನು ದನದ ದಾರಿಯಲ್ಲಿಯೂ ಸ್ವಲ್ಪ ಒತ್ತಿ ನಿಲ್ಲಿಸಿ, ಎರಡಕ್ಕೂ ಸಮನಾಗಿ ನೀರು ಹೊಯ್ದು, ಇಂಗುವ ಹೊತ್ತನ್ನು ಗಡಿಯಾರದಲ್ಲಿ ನೋಡಿರಿ. ಶಾಲೆಯ ಮಕ್ಕಳೂ ಮಾಡಬಲ್ಲ ಪರೀಕ್ಷೆಯಿದು. ನೆಲವು ಎಷ್ಟು ಬಿಗಿದಿದೆಯೆಂಬುದನ್ನು ಇದು ಉಪನ್ಯಾಸಕ್ಕಿಂತ ಚೆನ್ನಾಗಿ ತಿಳಿಸುವುದು.

ಮಾಡಬೇಕಾದುದು

ಮಳೆ ಬಿಟ್ಟ ಮೇಲೆ ಮೊದಲು ಒಣಗುವುದು ದಿಣ್ಣೆ, ಆಮೇಲೆ ಇಳಿಜಾರು, ಕಡೆಗೆ ತಗ್ಗು. ದನವೂ ಅದೇ ಕ್ರಮದಲ್ಲಿ ಹೋಗಲಿ. ನೀಲಗಿರಿಯ ಪಡುವಣ ಭಾಗಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮುಖ್ಯವಾದರೆ, ಮೂಡಣ ಕೋತಗಿರಿ, ಕೂನೂರಿನ ಕಡೆಗೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಮಳೆ ಹೆಚ್ಚು. ಆದುದರಿಂದ ಒಂದೇ ಪಂಚಾಂಗ ಎಲ್ಲ ಊರಿಗೂ ಸಲ್ಲದು. ಕೈಯಲ್ಲಿ ಹೊಸೆದ ಮಣ್ಣೇ ಪಂಚಾಂಗ.

ಬಿಡದೆ ಮಳೆ ಹಿಡಿದ ದಿನಗಳಲ್ಲಿ ಹುಲ್ಲನ್ನು ಕೊಯ್ದು ತಂದು ಕೊಟ್ಟಿಗೆಯಲ್ಲಿ ಹಾಕುವುದು ಲೇಸು. ತಗ್ಗಿನ ಜವುಗು ಊರಿನ ಒರತೆಗಳ ತಾಯಿ. ಅದರೊಳಕ್ಕೆ ಎಂದೂ ದನವನ್ನು ಇಳಿಸಬಾರದು. ನೀರು ಕುಡಿಸುವುದಕ್ಕೆ ಕಲ್ಲು ಹಾಸಿದ ಒಂದೇ ದಾರಿ ಇರಲಿ. ಹುಲ್ಲನ್ನು ನೆಲ ಕಾಣುವಂತೆ ಮೇಯಿಸದೆ ಒಂದು ಗೇಣಿನ ಅರ್ಧದಷ್ಟಾದರೂ ಉಳಿಸಬೇಕು. ಈ ಹುಳಿಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿದು ಬೇರಿಗೆ ಸುಲಭವಾಗಿ ಬಿಡದು. ಅದಕ್ಕಾಗಿ ಕೊಟ್ಟಿಗೆಯ ಗೊಬ್ಬರವೆಲ್ಲ ತೋಟಕ್ಕೇ ಹೋಗದೆ ಊರ ಹುಲ್ಲುನೆಲಕ್ಕೂ ಒಂದು ಪಾಲು ಮರಳಲಿ.

ಕಳೆದ ಶತಮಾನದಲ್ಲಿ ನೀಲಗಿರಿಯ ಹುಲ್ಲುಗಾವಲಿನ ಬಹುಭಾಗವು ತೇಯಿಲೆ, ಆಲೂಗಡ್ಡೆ, ನೀಲಗಿರಿ ಮರ, ವಾಟಲ್ ತೋಪುಗಳ ಪಾಲಾಯಿತು. ತೊದವರ ಎಮ್ಮೆಗಳೂ ಬಡಗರ ಹಟ್ಟಿಯ ದನಗಳೂ ಉಳಿದಿರುವ ತುಂಡುನೆಲಗಳಲ್ಲಿಯೇ ಮೇಯಬೇಕಾಗಿದೆ. ನೆಲ ಚಿಕ್ಕದಾದಷ್ಟೂ ಅದೇ ಜಾಗದ ಮೇಲೆ ಗೊರಸು ಮತ್ತೆ ಮತ್ತೆ ಬೀಳುವುದು. ದನವನ್ನು ಕಡಿಮೆ ಮಾಡೆಂದು ಬಡವನಿಗೆ ಹೇಳುವುದು ಸುಲಭ, ಮಾಡುವುದು ಕಷ್ಟ. ಮಳೆ ನಿಂತ ಮೇಲೆ ಎರಡು ಮೂರು ದಿನ ಕಾಯುವುದು ಅಷ್ಟು ಕಷ್ಟವಲ್ಲ. ಅದಕ್ಕೆ ಬೇಕಾದುದು ಒಂದು ಹೊರೆ ಕೊಯ್ದ ಹುಲ್ಲು, ಮತ್ತು ಊರವರ ಒಮ್ಮತ. ಒಬ್ಬನು ಕಾದು ನಾಲ್ವರು ದನ ಬಿಟ್ಟರೆ ಪ್ರಯೋಜನವಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಊರು ಕೂಡಿ ಈ ಕಟ್ಟಳೆಯನ್ನು ಮಾಡಿಕೊಳ್ಳಬೇಕು.