ಎದೆ ಹಿಡಿದಾಗ ಸೋಡಾ ಕುಡಿಸಬೇಡಿ

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೊಂದು ಬಂದಾಗ, ಯಾವ ತೊಂದರೆಯೂ ಇಲ್ಲದವರು ಕೂಡ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ನಿಜವಾಗಿ ಎದೆ ಹಿಡಿದುಕೊಂಡಾಗ ಮಾತ್ರ ಸಿರಿಗೆರೆ, ಭರಮಸಾಗರದ ಕಡೆಯ ನಮ್ಮ ಮನೆಗಳಲ್ಲಿ ನಡೆಯುವುದೇ ಬೇರೆ. ಒಂದು ಸೋಡಾ, ಒಂದು ಗ್ಯಾಸ್ಟ್ರಿಕ್ ಮಾತ್ರೆ, ಆಮೇಲೆ ‘ಬೆಳಗಾಗಲಿ, ನೋಡೋಣ’.

ಮೊದಲು ಲಕ್ಷಣ ಗುರುತಿಸಿ. ಎದೆಯ ನಡುವೆ ಭಾರ, ಹಿಂಡಿದಂಥ ನೋವು. ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡಬಹುದು. ಜೊತೆಗೆ ವಾಕರಿಕೆ, ಏದುಸಿರು. ಫ್ಯಾನಿನ ಕೆಳಗೆ ಕೂತರೂ ಅಂಗಿ ತೊಯ್ಯುವಷ್ಟು ತಣ್ಣನೆ ಬೆವರು ಬಂದರೆ ಇನ್ನೇನೂ ಯೋಚಿಸಬೇಡಿ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಸಿರುಕಟ್ಟು ಕಾಣಿಸಬಹುದು. ‘ಅಮ್ಮನಿಗೆ ಯಾಕೋ ಆಯಾಸ’ ಎಂದು ಮಲಗಿಸಿಬಿಡುವುದು ಇಂಥ ಸಂದರ್ಭದಲ್ಲೇ.

ಗ್ಯಾಸ್ಟ್ರಿಕ್ ವಿಷಯವನ್ನು ಸ್ವಲ್ಪ ಒತ್ತಿಯೇ ಹೇಳಬೇಕು. ಹೃದಯದ ಕೆಳಭಾಗಕ್ಕೆ ರಕ್ತ ನಿಂತಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು, ವಾಂತಿಯೂ ಆಗಬಹುದು. ತೇಗು ಬಂತು, ಹಗುರಾಯಿತು ಎಂಬುದು ಏನನ್ನೂ ಸಾಬೀತುಪಡಿಸುವುದಿಲ್ಲ. ಇದು ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕೂತು ಯಾರೂ ಹೇಳಲಾರರು, ಪಕ್ಕದ ಮನೆಯ ಮೆಡಿಕಲ್ ಶಾಪಿನವರೂ ಹೇಳಲಾರರು. ಹೇಳುವುದು ಇಸಿಜಿ ಮತ್ತು ರಕ್ತದ ಟ್ರೊಪೊನಿನ್ ಪರೀಕ್ಷೆ. ಮೊದಲ ಇಸಿಜಿ ಸರಿಯಾಗಿದ್ದೂ ನೋವು ಇಳಿಯದಿದ್ದರೆ ಎದ್ದು ಮನೆಗೆ ಬರಬೇಡಿ, ಮತ್ತೊಮ್ಮೆ ತೆಗೆಯಿರಿ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

108ಕ್ಕೆ ಕರೆ ಮಾಡಿ. ತೋಟದ ಮನೆಯಾದರೆ ಯಾವ ಕ್ರಾಸು, ಯಾವ ಗುಡಿಯ ಪಕ್ಕ ಎಂದು ಬಿಡಿಸಿ ಹೇಳಿ, ಒಬ್ಬರನ್ನು ರಸ್ತೆಗೆ ಕಳಿಸಿ. ರೋಗಿ ನಡೆಯಬಾರದು, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಬೆನ್ನಿಗೆ ದಿಂಬು ಒರಗಿಸಿ ಕೂರಿಸಿ. ಆಸ್ಪಿರಿನ್ ಒಗ್ಗದವರು, ಹೊಟ್ಟೆಯಲ್ಲಿ ರಕ್ತಸ್ರಾವ ಆದವರನ್ನು ಬಿಟ್ಟು ಉಳಿದವರಿಗೆ, 108ರವರನ್ನು ಕೇಳಿ, 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಲು ಕೊಡಬಹುದು. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟನ್ನು ಬೇರೆಯವರ ಡಬ್ಬಿಯಿಂದ ತೆಗೆದು ಕೊಡಬೇಡಿ. ಬಿ.ಪಿ. ಕುಸಿದು ಅಲ್ಲೇ ಅನಾಹುತವಾದೀತು.

‘ದಾವಣಗೆರೆಗೇ ಹೋಗಿಬಿಡೋಣ’ ಎನ್ನುವವರಿಗೆ ಒಂದು ಮಾತು. ದೊಡ್ಡ ಆಸ್ಪತ್ರೆಗಿಂತ ಮೊದಲು ಸಿಗುವ ಇಸಿಜಿ ಮುಖ್ಯ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಆ ಇಂಜೆಕ್ಷನ್ನಿನ ಗುಣ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು, 12 ಗಂಟೆ ಕಳೆದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದೆ ಎಂದು ಎಲ್ಲರೂ ಚೆನ್ನಾಗಿರುವ ಇವತ್ತೇ ವಿಚಾರಿಸಿಡಿ.

ಕುಸಿದು ಬಿದ್ದವರು ಕೂಗಿದರೂ ಏಳದೆ, ಉಸಿರಾಡದಿದ್ದರೆ ಅಥವಾ ಬಿಟ್ಟು ಬಿಟ್ಟು ಗೊರಗೊರ ಎಂದರೆ, ಹೃದಯ ನಿಂತಿದೆ ಎಂದೇ ತಿಳಿಯಿರಿ. ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಬಿಡುವುದು ಬೇಡ. ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120ರಂತೆ, 5 ಸೆಂ.ಮೀ.ಗೆ ಕಡಿಮೆಯಾಗದಷ್ಟು ಆಳಕ್ಕೆ ಒತ್ತುತ್ತಲೇ ಇರಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಬಿದ್ದದ್ದು ಬಚ್ಚಲಿನಲ್ಲಾದರೆ? ಒಳಗೆ ನುಗ್ಗುವ ಮುನ್ನ ಗ್ಯಾಸ್ ಗೀಸರ್ ಇದೆಯೇ ನೋಡಿ. ಬಾಗಿಲು, ಕಿಟಕಿ ತೆರೆದು, ಉಸಿರು ಬಿಗಿಹಿಡಿದು ಹೊರಗೆಳೆಯಿರಿ, ಒತ್ತುವುದೇನಿದ್ದರೂ ಆಮೇಲೆ. ಗೀಸರಿನಿಂದಲೂ ಕೆಂಡದಿಂದಲೂ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮೊದಲೇ ಹೃದ್ರೋಗ ಇದ್ದವರಿಗೆ ಸ್ವಲ್ಪವೇ ಸಾಕು. 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ ತಂಗಿಯರಿಬ್ಬರು ಹೀಗೆಯೇ ತೀರಿಕೊಂಡರು. ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ ಹಾಕಿಸಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಿ.

ಬಾಣಂತಿ ಕೋಣೆಯ ಕೆಂಡವೂ ಅಷ್ಟೇ ಅಪಾಯ. ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿ ಕೆಂಡವಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಹಿರಿಯರು ಬೈದರೂ ಸರಿ. ಮುಚ್ಚಿದ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು ಬಂದರೆ ಅದು ಪಿತ್ತವಲ್ಲ, ಎಲ್ಲರೂ ಹೊರಗೆ ಬನ್ನಿ.

ಜಾಗ ಮುಗಿಯುತ್ತಿದೆ, ಇದೊಂದನ್ನು ಬಿಡುವಂತಿಲ್ಲ. ಮೆಕ್ಕೆಜೋಳ, ರಾಗಿ ಚೀಲಗಳಿಗೆ ಹುಳು ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮಲಗುವ ಮನೆಯಲ್ಲಿ ಬಳಸಬೇಡಿ. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ, ಅದು ನೇರ ಹೃದಯಕ್ಕೇ ಹೊಡೆಯುತ್ತದೆ. ಈ ವಿಷಕ್ಕೆ ಪ್ರತಿಮದ್ದಿಲ್ಲ.